ಟಿಸಿ ಕೊಟ್ಟು ಕಳಿಸಿದರೆ ಮುಗಿಯಿತೇ?

ಪ್ರೌಢಶಾಲೆಯ ಹುಡುಗಿ ಬಸುರಿ ಎಂದು ಗೊತ್ತಾದರೆ ಎಷ್ಟೋ ಶಾಲೆಗಳಲ್ಲಿ ಮೊದಲು ಹೊರಬರುವುದು ಟಿಸಿ ಪುಸ್ತಕ. ಅಪ್ಪನನ್ನೋ ಚಿಕ್ಕಪ್ಪನನ್ನೋ ಕರೆಸಿ, ಕೋಣೆಯ ಬಾಗಿಲು ಮುಂದೆ ಮಾಡಿ, ‘ನಮ್ಮ ಕೈಲಿ ಏನೂ ಇಲ್ಲ, ಒಂದು ಅರ್ಜಿ ಬರೆದುಕೊಡಿ’ ಅನ್ನುತ್ತಾರೆ. ಶಾಲೆ ಬಿಡಲು ಕಾರಣ ಎಂಬ ಕಾಲಂನಲ್ಲಿ ‘ಪೋಷಕರ ಕೋರಿಕೆಯ ಮೇರೆಗೆ’ ಎಂದು ಬೀಳುತ್ತದೆ. ಹೊರಹಾಕಿದ್ದು ಯಾವ ಕಡತದಲ್ಲೂ ಇರುವುದಿಲ್ಲ. ದಾಖಲೆಯ ಪ್ರಕಾರ ಹುಡುಗಿ ತಾನಾಗಿಯೇ ಬಿಟ್ಟುಹೋದಳು. ಈ ವಿಷಯದ ಸುತ್ತ ಚಾಲ್ತಿಯಲ್ಲಿರುವ ನಂಬಿಕೆಗಳೆಲ್ಲ ಆ ಕಾಲಂ ತುಂಬಲು ಒದಗಿಬರುವಂಥವೇ.

‘ಕಾನೂನಿನಲ್ಲೇ ಅವಕಾಶ ಇಲ್ಲ’

ಬಸುರಿ ಹುಡುಗಿ ಶಾಲೆಗೆ ಬರಕೂಡದು ಎನ್ನುವ ಕಾನೂನು ನಮ್ಮಲ್ಲಿ ಇಲ್ಲ. ಇರುವುದು ಅದಕ್ಕೆ ವಿರುದ್ಧವಾದದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ತೆಗೆದುಹಾಕುವಂತಿಲ್ಲ. 17ನೇ ಸೆಕ್ಷನ್ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ತೊಡಕಿರುವುದು ಒಂಬತ್ತು, ಹತ್ತರಲ್ಲಿ. ಆ ಕಾಯ್ದೆಯ ರಕ್ಷಣೆ ಅಲ್ಲಿಗೆ ಮುಟ್ಟುವುದಿಲ್ಲ, ಇಂಥ ಪ್ರಕರಣ ಎದುರಾಗುವುದು ಹೆಚ್ಚಾಗಿ ಅಲ್ಲೇ. ಆದರೂ ರಕ್ಷಣೆ ಇಲ್ಲದಿರುವುದು ಬೇರೆ, ನಿಷೇಧ ಇರುವುದು ಬೇರೆ.

ಹೆಡ್‌ಮಾಸ್ಟರರ ತಲೆಯಲ್ಲಿ ಗೊಂದಲ ಹುಟ್ಟಿಸುವುದು ಪೋಕ್ಸೊ ಕಾಯ್ದೆ. ಹದಿನೆಂಟರ ಒಳಗಿನ ಹುಡುಗಿ ಬಸುರಾಗಿದ್ದಾಳೆಂದರೆ, ಅವಳು ಒಪ್ಪಿದ್ದಳೋ ಇಲ್ಲವೋ, ಕಾನೂನಿನ ಕಣ್ಣಲ್ಲಿ ಅದು ಅಪರಾಧ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು. ಈ ಹೊಣೆ ಟಿಸಿ ಕೊಟ್ಟ ಮಾತ್ರಕ್ಕೆ ಕಳಚುವುದಿಲ್ಲ. ಬದಲಿಗೆ, ವಿಷಯ ಗೊತ್ತಿದ್ದೇ ಮುಚ್ಚಿಟ್ಟರು ಎನ್ನುವುದಕ್ಕೆ ಅದೇ ಸಾಕ್ಷಿಯಾದೀತು. ಕಾಯ್ದೆ ಕೇಳುವುದು ಎರಡನ್ನು: ತಿಳಿಸಬೇಕಾದವರಿಗೆ ತಿಳಿಸಿ, ಉಳಿದವರಿಗೆ ಹೇಳಬೇಡಿ. ನಮ್ಮಲ್ಲಿ ಆಗುವುದು ತಲೆಕೆಳಗು. ಪೊಲೀಸರಿಗೆ ಸುದ್ದಿ ಮುಟ್ಟುವ ಮೊದಲು ಸ್ಟಾಫ್ ರೂಮಿಗೂ ಎಸ್‌ಡಿಎಂಸಿ ಸದಸ್ಯರ ವಾಟ್ಸ್ಯಾಪ್ ಗುಂಪಿಗೂ ಮುಟ್ಟಿರುತ್ತದೆ.

‘ಮದುವೆ ಮಾಡಿಬಿಟ್ಟರೆ ಸರಿಹೋಗುತ್ತೆ’

ಊರ ಹಿರಿಯರು ಕೂತು ಕೊಡುವ ಪರಿಹಾರ ಇದು. ಕರ್ನಾಟಕದಲ್ಲಿ ಇದರಿಂದ ಏನೂ ಸರಿಹೋಗುವುದಿಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ನಮ್ಮ ರಾಜ್ಯ 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಹದಿನೆಂಟರ ಒಳಗಿನ ಹೆಂಡತಿಯ ಜತೆಗಿನ ದೈಹಿಕ ಸಂಬಂಧವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ತಾಳಿ ಕಟ್ಟಿಸಿದರೆ ಮೊದಲ ಕೇಸು ಹೋಗುವುದಿಲ್ಲ, ಅದರ ಜತೆಗೆ ಇನ್ನೊಂದು ಸೇರುತ್ತದೆ, ಮಾಡಿಸಿದ ಹಿರಿಯರ ಮೇಲೂ.

ಇನ್ನೊಂದು ಮಾತು. ‘ಬಸುರಿ ವಿದ್ಯಾರ್ಥಿನಿ’ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮೊಬೈಲು, ಪ್ರೀತಿ, ಓಡಿಹೋಗುವುದು. ಅಂಕಿ ಅಂಶ ತೋರಿಸುವುದು ಬೇರೆ ದಾರಿಯನ್ನು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇ. 21.3 ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿದ್ದರು. ಎಂದರೆ ಐವರಲ್ಲಿ ಒಬ್ಬಳಿಗಿಂತ ಹೆಚ್ಚು. ಬಹುಪಾಲು ಬಾಲೆಯರ ವಿಷಯದಲ್ಲಿ ಕ್ರಮವೇ ತಿರುವುಮುರುವು: ಮೊದಲು ಶಾಲೆ ತಪ್ಪುತ್ತದೆ, ಆಮೇಲೆ ಮದುವೆ, ಆಮೇಲೆ ಬಸುರು. ಮನೆಯವರೇ ನಿಶ್ಚಯಿಸಿ ಮಾಡಿದ ಮದುವೆಯ ಬಸುರಿಗೆ ಯಾರೂ ಮರ್ಯಾದೆ ಹೋಯಿತು ಅನ್ನುವುದಿಲ್ಲ, ಸೀಮಂತ ಮಾಡುತ್ತಾರೆ.

‘ಒಬ್ಬಳನ್ನು ಇಟ್ಟುಕೊಂಡರೆ ಉಳಿದವರೂ ಕೆಡುತ್ತಾರೆ’

ಈ ವಾದವನ್ನು ಇಡೀ ದೇಶವೇ ಪ್ರಯೋಗ ಮಾಡಿ ನೋಡಿದ್ದುಂಟು. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ 2014ರಲ್ಲಿ ಎಬೋಲಾ ಬಂದು ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದವು. ಆ ಅವಧಿಯಲ್ಲಿ ಸಾವಿರಾರು ಹುಡುಗಿಯರು ಬಸುರಾದರು. ಶಾಲೆ ಇದ್ದದ್ದರಿಂದ ಅಲ್ಲ, ಇಲ್ಲದ್ದರಿಂದ. 2015ರಲ್ಲಿ ಬಾಗಿಲು ತೆರೆದಾಗ ಸರ್ಕಾರ, ಹೊಟ್ಟೆ ಕಾಣುವ ಹುಡುಗಿಯರು ತರಗತಿಗೂ ಪರೀಕ್ಷೆಗೂ ಬರುವಂತಿಲ್ಲ ಎಂದಿತು. ಅವರನ್ನು ನೋಡಿ ಮುಗ್ಧ ಹುಡುಗಿಯರು ಹಾಳಾಗುತ್ತಾರೆ ಎನ್ನುವುದೇ ಕೊಟ್ಟ ಕಾರಣ. ಹುಡುಗಿಯರ ಹೊಟ್ಟೆ, ಎದೆ ಮುಟ್ಟಿ ನೋಡಿ, ಮೂತ್ರ ಪರೀಕ್ಷೆ ಮಾಡಿಸಿ ಒಳಗೆ ಬಿಟ್ಟದ್ದನ್ನು ಆಮ್ನೆಸ್ಟಿ ಸಂಸ್ಥೆ ದಾಖಲಿಸಿದೆ. ಕಡೆಗೆ ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟದ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ ಇದು ತಾರತಮ್ಯ ಎಂದು ತೀರ್ಪಿತ್ತಿತು. 2020ರ ಮಾರ್ಚ್‌ನಲ್ಲಿ ನಿಷೇಧ ತೆರವಾಯಿತು.

ಟಾಂಜಾನಿಯಾದ ಕತೆ ಇನ್ನೂ ನೇರ. ಬಸುರಾದವರನ್ನು ಹೊರಹಾಕಲು ಅಲ್ಲಿನ ಶಾಲೆಗಳಿಗೆ 2002ರಿಂದಲೂ ನಿಯಮದ ಬಲವಿತ್ತು. ಆದರೂ ತಾಯಿಯಾದ ಅಥವಾ ಬಸುರಾದ 15ರಿಂದ 19 ವಯಸ್ಸಿನವರ ಪ್ರಮಾಣ 2010ರಲ್ಲಿ ಶೇ. 23 ಇದ್ದದ್ದು 2015–16ರ ಸಮೀಕ್ಷೆಯಲ್ಲಿ ಶೇ. 27ಕ್ಕೆ ಏರಿತು. ತಾವು ಅಧಿಕಾರದಲ್ಲಿರುವವರೆಗೆ ಹೆತ್ತವಳು ಶಾಲೆಗೆ ಮರಳುವುದಿಲ್ಲ ಎಂದು ಅಧ್ಯಕ್ಷ ಮಗುಫುಲಿ 2017ರಲ್ಲಿ ಗುಡುಗಿದ್ದರು. ಅವರು ತೀರಿಕೊಂಡ ವರ್ಷವೇ, 2021ರ ನವೆಂಬರ್‌ನಲ್ಲಿ, ಆ ಬಾಗಿಲು ತೆರೆಯಿತು. ಹೊರಹಾಕುವ ಭಯಕ್ಕೆ ಹುಡುಗಿಯರು ಬಸುರಾಗುವುದನ್ನು ನಿಲ್ಲಿಸಲಿಲ್ಲ, ಹೇಳುವುದನ್ನು ನಿಲ್ಲಿಸಿದರು ಅಷ್ಟೆ.

ಹೇಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. 2025ರ ಆಗಸ್ಟ್‌ನಲ್ಲಿ ಕಲ್ಯಾಣ ಕರ್ನಾಟಕದ ವಸತಿ ಶಾಲೆಯೊಂದರ ಶೌಚಾಲಯದಲ್ಲಿ ಒಂಬತ್ತನೇ ತರಗತಿಯ ಹುಡುಗಿ ಹೆತ್ತಳು. ದಿನ ತುಂಬುವವರೆಗೆ ಶಾಲೆಯವರು ಯಾರೂ ಗಮನಿಸಿರಲಿಲ್ಲ, ಅಥವಾ ಗಮನಿಸಿದವರು ಬಾಯಿ ಬಿಡಲಿಲ್ಲ. ಪ್ರಾಂಶುಪಾಲರು, ವಾರ್ಡನ್ ಅಮಾನತಾದರು. ಅಮಾನತಿನ ಭಯ ಮುಂದಿನ ವಾರ್ಡನ್‌ಗೆ ಕಣ್ಣಿಟ್ಟು ನೋಡಿಕೊಳ್ಳಲು ಕಲಿಸುತ್ತದೋ, ಅನುಮಾನ ಬಂದವಳನ್ನು ಸದ್ದಿಲ್ಲದೆ ಮನೆಗೆ ಸಾಗಹಾಕಲು ಕಲಿಸುತ್ತದೋ? ನನಗೆ ಎರಡನೆಯದರ ಭಯವೇ ಹೆಚ್ಚು.

‘ಅವಳ ಆರೋಗ್ಯಕ್ಕಾದರೂ ಮನೆಯಲ್ಲಿರಲಿ’

ಕಾಳಜಿಯ ಮಾತು, ಅರ್ಧ ನಿಜವೂ ಹೌದು. ಹದಿನಾಲ್ಕು ಹದಿನೈದರ ಬಸುರು ಅಪಾಯದ್ದೇ: ರಕ್ತಹೀನತೆ, ಏರುವ ರಕ್ತದೊತ್ತಡ, ನಂಜು, ದಿನ ತುಂಬದ ಹೆರಿಗೆ, ತೂಕ ಕಡಿಮೆಯ ಕೂಸು. ಆದರೆ ಬೆಂಚಿನ ಮೇಲೆ ಕೂತು ಪಾಠ ಕೇಳುವುದರಿಂದ ಇವು ಯಾವುವೂ ಬರುವುದಿಲ್ಲ. ಮೂರು ತಿಂಗಳೊಳಗೆ ಆಗಬೇಕಾದ ನೋಂದಣಿ ಆಗದೆ, ತಾಯಿ ಕಾರ್ಡ್ ಇಲ್ಲದೆ, ಬಿಪಿ ನೋಡಿಸದೆ, ಕಬ್ಬಿಣದ ಮಾತ್ರೆ ನುಂಗದೆ ಅಜ್ಜಿ ಊರಿನ ಹಿತ್ತಿಲ ಕೋಣೆಯಲ್ಲಿ ಬಚ್ಚಿಟ್ಟುಕೊಂಡಿದ್ದರೆ ಅಪಾಯ ಬೆಳೆಯುತ್ತದೆ. ಸರ್ಕಾರಿ ಶಾಲೆ ಬಿಟ್ಟವಳಿಗೆ ಬಿಸಿಯೂಟವೂ ಮೊಟ್ಟೆಯೂ ತಪ್ಪುತ್ತವೆ. ಊರಿನವರ ಕಣ್ಣಿಗೆ ಬೀಳಬಾರದೆಂದು ಅಂಗನವಾಡಿಯ ಊಟಕ್ಕೂ ಅವಳನ್ನು ಕಳಿಸುವುದಿಲ್ಲ. ಬಸುರು ಬೇಡವಾದರೆ, ಅಪ್ರಾಪ್ತರಿಗೆ ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ 24 ವಾರಗಳವರೆಗೆ ಗರ್ಭಪಾತಕ್ಕೆ ಅವಕಾಶವಿದೆ. ಬಚ್ಚಿಡುವುದರಲ್ಲಿ ಕಳೆದುಹೋಗುವುದು ಆ ವಾರಗಳೇ.

‘ಮಗು ಆದಮೇಲೆ ಇನ್ನೆಲ್ಲಿಯ ಓದು?’

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಪಶ್ಚಿಮ ಬಂಗಾಳದ ಒಂದು ಪೋಕ್ಸೊ ಪ್ರಕರಣ ಇತ್ಯರ್ಥ ಮಾಡಿತು. ಹದಿನಾಲ್ಕರ ವಯಸ್ಸಿನಲ್ಲಿ ಮನೆ ಬಿಟ್ಟು ತಾಯಿಯಾದವಳ ಪ್ರಕರಣ ಅದು. ಆಕೆಯ ಹತ್ತನೇ ತರಗತಿಯವರೆಗಿನ, ಇಷ್ಟಪಟ್ಟರೆ ಪದವಿಯವರೆಗಿನ ಓದಿಗೆ ರಾಜ್ಯ ಸರ್ಕಾರವೇ ನೆರವಾಗಬೇಕು ಎಂದು ನಿರ್ದೇಶಿಸಿತು. ಕೀನ್ಯಾದಲ್ಲಿ 1994ರಿಂದ, ಜಾಂಬಿಯಾದಲ್ಲಿ 1997ರಿಂದ ಹೆತ್ತ ಹುಡುಗಿ ಶಾಲೆಗೆ ಮರಳುವುದಕ್ಕೆ ಸರ್ಕಾರದ ನೀತಿಯೇ ಇದೆ. ಇಲ್ಲಿ ಅದು ಹೆಡ್‌ಮಾಸ್ಟರರ ಮನಸ್ಸಿಗೆ ಬಿಟ್ಟದ್ದು. ಎಸ್ಸೆಸ್ಸೆಲ್ಸಿ ಪರೀಕ್ಷೆ 2024ರಿಂದ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ನಡೆಯುವುದರಿಂದ ಹೆರಿಗೆಯ ತಿಂಗಳು ತಪ್ಪಿಸಿ ಕೂರುವುದು ಮೊದಲಿನಷ್ಟು ಕಷ್ಟವಲ್ಲ, ಕಗ್ಗಂಟಾಗುವುದು ಹಾಜರಿ. ಬಾಣಂತನದ ವಾರಗಳನ್ನು ವೈದ್ಯಕೀಯ ರಜೆ ಎಂದು ಹಿಡಿಯುವುದಕ್ಕೆ ಬೇಕಾದದ್ದು ಒಂದು ಸುತ್ತೋಲೆ.

‘ಓಪನ್ ಸ್ಕೂಲ್ ಇದೆಯಲ್ಲ’ ಎನ್ನುವವರೂ ಇದ್ದಾರೆ. ಇದೆ, ಎನ್‌ಐಓಎಸ್‌ನಲ್ಲಿ ವರ್ಷಕ್ಕೆ ಎರಡು ಸಲ ಪರೀಕ್ಷೆಯೂ ಇದೆ. ಹುಡುಗಿ ತಾನೇ ಆರಿಸಿಕೊಂಡರೆ ಅದು ಒಳ್ಳೆಯ ದಾರಿ. ಶಾಲೆಯವರೇ ಆ ಅರ್ಜಿ ಕೈಗಿತ್ತು ಕಳಿಸಿದರೆ ಅದೂ ಟಿಸಿಯೇ. ಹಸಿ ಬಾಣಂತಿಗೆ ಮನೆಯಲ್ಲಿ ಗಣಿತ ಹೇಳಿಕೊಡುವವರು ಯಾರು ಎಂದು ಅರ್ಜಿ ಕೊಟ್ಟವರನ್ನೇ ಕೇಳಬೇಕು.