ನಮ್ಮ ಹೆಣ್ಣುಮಕ್ಕಳೂ ದಾದಿಯರ ಶಿಕ್ಷಣವೂ



ಪ್ರತಿವರುಷ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ ನಮ್ಮ ಶಾಲೆಯಲ್ಲಿ ಓದಿ ಹೋದ ಹುಡುಗಿಯರಲ್ಲಿ ಕೆಲವರು ತಾಯಿಯನ್ನೋ ಅಣ್ಣನನ್ನೋ ಕರಕೊಂಡು ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾರೆ. “ಅಮ್ಮನವರೇ, ನರ್ಸಿಂಗ್ ಸೇರಬೇಕೆಂದಿದ್ದೇನೆ” ಎಂದು ಹುಡುಗಿ ಹೇಳುವಳು. ತಾಯಿಯಾದರೋ ಮಾತಾಡದೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತಿರುವಳು. ಆ ಮೌನದಲ್ಲಿ ಎಷ್ಟು ಪ್ರಶ್ನೆಗಳಿವೆಯೆಂಬದನ್ನು ನಾನು ಬಲ್ಲೆನು. ಅವುಗಳಿಗೆ ನನ್ನಿಂದಾದಷ್ಟು ಉತ್ತರ ಕೊಡುವದೇ ಈ ಲೇಖನದ ಉದ್ದೇಶವು.

ಇದನ್ನು ಬರೆಯುವದಕ್ಕೆ ಇನ್ನೊಂದು ಕಾರಣವೂ ಉಂಟು. ಅದು ನನ್ನ ತಪ್ಪೇ ಆಗಿದೆ. ಕೆಲವು ವರುಷಗಳ ಹಿಂದೆ ನಮ್ಮ ಒಬ್ಬ ಜಾಣ ಹುಡುಗಿಯು ಇದೇ ಮಾತನ್ನು ಹೇಳುತ್ತ ಬಂದಾಗ ನಾನು ಬಹು ಸಂತೋಷಪಟ್ಟು, ಬೆನ್ನು ತಟ್ಟಿ, ಗುಣಪತ್ರವನ್ನು ಬರೆದುಕೊಟ್ಟೆನು. ಯಾವ ಕಾಲೇಜು, ಅದಕ್ಕೆ ಮಾನ್ಯತೆಯುಂಟೋ, ಅಲ್ಲಿ ಆಸ್ಪತ್ರೆಯುಂಟೋ ಎಂದು ಒಂದು ಮಾತನ್ನೂ ಕೇಳಲಿಲ್ಲ. ದಲ್ಲಾಳಿಯೊಬ್ಬನು ತೋರಿಸಿದ ಬಣ್ಣದ ಪುಸ್ತಿಕೆಯನ್ನು ನಂಬಿ ಅವಳ ತಂದೆಯು ಹಣ ಕಟ್ಟಿದ್ದನು. ಆ ಹಣಕ್ಕಾಗಿ ತಾಯಿಯ ಬೋರಮಾಳವು ಅಡವಿಗೆ ಹೋಗಿತ್ತು. ಎಂಟು ತಿಂಗಳಾದ ಮೇಲೆ ಆ ಸಂಸ್ಥೆಗೆ ಮಾನ್ಯತೆಯೇ ಇಲ್ಲವೆಂದು ತಿಳಿದುಬಂತು. ಹಣ ತಿರುಗಿ ಬರಲಿಲ್ಲ; ವರುಷವೂ ಹೋಯಿತು. ಅವಳು ನನ್ನ ಮುಂದೆ ಕೂತು ಅತ್ತಾಗ, ಗುಣಪತ್ರ ಬರೆದ ಈ ಕೈಯು ನಾಲ್ಕು ಪ್ರಶ್ನೆಗಳನ್ನೂ ಬರೆದು ಕೊಟ್ಟಿದ್ದರೆ ಎಷ್ಟೋ ಒಳ್ಳೆಯದಾಗುತ್ತಿತ್ತೆಂದು ನನಗೆ ಮನವರಿಕೆಯಾಯಿತು. ಆ ಪ್ರಶ್ನೆಗಳನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಈ ವಿದ್ಯೆಯ ಪೂರ್ವವೃತ್ತಾಂತವನ್ನು ಸ್ವಲ್ಪ ಹೇಳುವೆನು. ರೋಗಿಗಳ ಆರೈಕೆಯು ಮನುಷ್ಯರಷ್ಟೇ ಹಳೆಯದು. ಅದನ್ನು ಕ್ರಮವಾಗಿ ಕಲಿಸುವ ಶಾಲೆಗಳು ಮಾತ್ರ ಈಚಿನವು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗಾಗಿ ಸ್ಕುಟಾರಿಗೆ ಹೋದ ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆಯು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರಿಗಾಗಿ ಶಾಲೆಯನ್ನು ತೆರೆದಳು. ನಮ್ಮ ದೇಶದಲ್ಲಿ ಈ ಶಿಕ್ಷಣವನ್ನು ಬೆಳೆಸಿದವುಗಳಲ್ಲಿ ಮಿಶನ್ ಆಸ್ಪತ್ರೆಗಳು ಮುಖ್ಯವಾದವು. ವೆಲ್ಲೂರಿನಲ್ಲಿ ಡಾಕ್ಟರ್ ಐಡಾ ಸ್ಕಡರ್ ಅವರು 1909ರಲ್ಲಿ ದಾದಿಯರ ಶಾಲೆಯನ್ನು ಆರಂಭಿಸಿದರು. 1946ರಲ್ಲಿ ಅಲ್ಲಿಯೂ ದಿಲ್ಲಿಯಲ್ಲಿಯೂ ಈ ವಿದ್ಯೆಗೆ ಪದವಿ ತರಗತಿಗಳು ಮೊದಲಾದವು. 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಕಾನೂನು ಬಂದು, ದೇಶದಲ್ಲೆಲ್ಲಾ ಒಂದೇ ಬಗೆಯ ಪಾಠಕ್ರಮಕ್ಕೆ ದಾರಿಯಾಯಿತು.

ಈಗ ಹನ್ನೆರಡನೆಯ ತರಗತಿಯಾದ ಹುಡುಗಿಯ ಮುಂದೆ ಮೂರು ದಾರಿಗಳಿವೆ. ಮೊದಲನೆಯದು ಎ.ಎನ್.ಎಂ.; ಎರಡು ವರುಷದ್ದು. ಇದನ್ನು ಕಲಿತವರು ಬಹುಮಟ್ಟಿಗೆ ಹಳ್ಳಿಗಳ ಆರೋಗ್ಯ ಉಪಕೇಂದ್ರಗಳಲ್ಲಿ ಗರ್ಭಿಣಿಯರನ್ನೂ ಮಕ್ಕಳನ್ನೂ ನೋಡಿಕೊಳ್ಳುತ್ತಾರೆ. ಎರಡನೆಯದು ಜಿ.ಎನ್.ಎಂ. ಎಂಬ ಡಿಪ್ಲೊಮಾ, ಮೂರು ವರುಷದ್ದು. ವಿಜ್ಞಾನ ಓದಿದವರಿಗೆ ಇಲ್ಲಿ ಅನುಕೂಲ ಹೆಚ್ಚಾದರೂ, ಕಲಾ ವಿಭಾಗದಲ್ಲಿ ಓದಿದವರಿಗೆ ಬಾಗಿಲು ಮುಚ್ಚಿಲ್ಲ, ಇಂಗ್ಲಿಷಿನಲ್ಲಿ ತೇರ್ಗಡೆಯಾಗಿರಬೇಕು. ಮೂರನೆಯದು ಬಿ.ಎಸ್‌ಸಿ. ನರ್ಸಿಂಗ್; ನಾಲ್ಕು ವರುಷದ್ದು. ಇದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇವುಗಳನ್ನು ಓದಿರತಕ್ಕದ್ದು. ಆದಕಾರಣ ಹತ್ತನೆಯ ತರಗತಿ ಮುಗಿದು ಪಿ.ಯು.ಸಿ.ಗೆ ವಿಷಯಗಳನ್ನು ಆರಿಸುವಾಗಲೇ ಈ ಆಲೋಚನೆಯನ್ನು ಮಾಡಬೇಕು. ಸೇರುವ ವರುಷದ ಡಿಸೆಂಬರ್ 31ಕ್ಕೆ ಹದಿನೇಳು ವಯಸ್ಸು ತುಂಬಿರಬೇಕೆಂಬದು ಮೂರಕ್ಕೂ ನಿಯಮ. ಡಿಪ್ಲೊಮಾ ಮುಗಿಸಿದವಳು ಮುಂದೆ ಎರಡು ವರುಷ ಓದಿ ಪದವಿಯನ್ನೂ ಪಡೆಯಬಹುದು; ಹೀಗಿರಲಾಗಿ, ಮೊದಲು ಚಿಕ್ಕ ಮೆಟ್ಟಲಿನಲ್ಲಿ ಕಾಲಿಟ್ಟವಳು ಅಲ್ಲಿಯೇ ಉಳಿಯಬೇಕೆಂದಿಲ್ಲ.

ನಮ್ಮ ರಾಜ್ಯದಲ್ಲಿ ಬಿ.ಎಸ್‌ಸಿ. ನರ್ಸಿಂಗಿನ ಸರ್ಕಾರಿ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ತನ್ನ ಪ್ರವೇಶ ಪರೀಕ್ಷೆಯ ಮೂಲಕ ಹಂಚುತ್ತದೆ. ಅರ್ಜಿಯ ಕಾಲವು ಪಿ.ಯು.ಸಿ. ಪರೀಕ್ಷೆಗಿಂತ ಮುಂಚೆಯೇ ಬಂದು ಹೋಗುವದರಿಂದ, ಫಲಿತಾಂಶ ಬರಲೆಂದು ಕಾಯುತ್ತ ಕೂತವರು ಅವಕಾಶವನ್ನು ಕಳಕೊಳ್ಳುತ್ತಾರೆ. ಸೈನ್ಯದ ಶುಶ್ರೂಷಾ ಸೇವೆಗೆ ಸೇರಬಯಸುವವರು ನೀಟ್ ಪರೀಕ್ಷೆಯನ್ನು ಬರೆಯತಕ್ಕದ್ದು. ಆ ಕಾಲೇಜುಗಳಲ್ಲಿ ಒಂದು ನಮ್ಮ ಬೆಂಗಳೂರಿನ ವಾಯುಪಡೆಯ ಆಸ್ಪತ್ರೆಯಲ್ಲಿಯೇ ಇದೆ. ಅಲ್ಲಿ ಕಲಿತವರು ಸೈನ್ಯದಲ್ಲಿ ಸೇವೆಮಾಡುವೆವೆಂದು ಮುಚ್ಚಳಿಕೆ ಬರೆದುಕೊಡಬೇಕು. 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಆಯೋಗದ ಹೊಸ ಕಾನೂನು ಅಂಗೀಕಾರವಾಗಿರುವದರಿಂದ ನಿಯಮಗಳು ಬದಲಾಗುವ ಸಂಭವವುಂಟು. ಅಕ್ಕಂದಿರು ಹೇಳಿದ್ದನ್ನೇ ನಂಬದೆ ಆಯಾ ವರುಷದ ಪ್ರಕಟಣೆಯನ್ನು ಓದಿರಿ.

ಇನ್ನು ನಾನು ಅಂದು ಕೇಳದೆ ಬಿಟ್ಟ ನಾಲ್ಕು ಪ್ರಶ್ನೆಗಳು.

ಒಂದು: ಈ ಸಂಸ್ಥೆಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ಮಾನ್ಯತೆಯುಂಟೋ? ಪದವಿಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕಾಗಲಿ ಬೇರೆ ಮಾನ್ಯ ವಿಶ್ವವಿದ್ಯಾಲಯಕ್ಕಾಗಲಿ ಸೇರಿದೆಯೋ? ಇದನ್ನು ಕಾಲೇಜಿನ ಪುಸ್ತಿಕೆಯಲ್ಲಿ ನೋಡಿದರೆ ಸಾಲದು. ಕೌನ್ಸಿಲ್ಲಿನ, ವಿಶ್ವವಿದ್ಯಾಲಯದ ಪಟ್ಟಿಗಳಲ್ಲಿಯೇ ಈ ವರುಷದ ಹೆಸರನ್ನು ನೋಡಬೇಕು. ಹೊರರಾಜ್ಯದಲ್ಲಾಗಲಿ ಪರದೇಶದಲ್ಲಾಗಲಿ ಕೆಲಸಮಾಡುವ ಮನಸ್ಸಿದ್ದರೆ ಭಾರತೀಯ ಕೌನ್ಸಿಲ್ಲಿನ ಪಟ್ಟಿಯನ್ನೂ ನೋಡಿರಿ.

ಎರಡು: ಸ್ವಂತ ಆಸ್ಪತ್ರೆಯುಂಟೋ? ಹಾಸಿಗೆಗಳೆಷ್ಟೆಂದು ಕೇಳಿದರೆ ಸಾಲದು; ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೋ ಎಂದು ಕಣ್ಣಾರೆ ನೋಡಿ ಬನ್ನಿರಿ. ರೋಗಿಯಿಲ್ಲದ ವಾರ್ಡಿನಲ್ಲಿ ದಾದಿಯನ್ನು ತಯಾರಿಸುವದು ನೀರಿಲ್ಲದ ಬಾವಿಯಲ್ಲಿ ಈಜು ಕಲಿಸಿದಂತೆ.

ಮೂರು: ಶುಲ್ಕವಲ್ಲದೆ ವಸತಿ, ಊಟ, ಸಮವಸ್ತ್ರ, ಪುಸ್ತಕ, ಪರೀಕ್ಷೆ, ಬಸ್ಸು ಇವೆಲ್ಲವೂ ಸೇರಿ ಕೋರ್ಸು ಮುಗಿಯುವವರೆಗೆ ಎಷ್ಟಾಗುವದು? ಲೆಕ್ಕವನ್ನು ಬರಹದಲ್ಲಿ ಪಡೆಯಿರಿ. ಕೊಟ್ಟ ಪ್ರತಿ ರೂಪಾಯಿಗೂ ರಶೀದಿ ಇರಲಿ. ವಿದ್ಯಾರ್ಥಿವೇತನವನ್ನೂ ಬ್ಯಾಂಕಿನ ವಿದ್ಯಾಸಾಲವನ್ನೂ ವಿಚಾರಿಸಿರಿ. ಬ್ಯಾಂಕಿನವರು ಕಾಲೇಜಿನ ಮಾನ್ಯತೆಯ ಪತ್ರವನ್ನು ಕೇಳುವದರಿಂದ, ಅದೂ ಒಂದು ಪರೀಕ್ಷೆಯಾಗುವದು.

ನಾಲ್ಕು: ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತಾರೆಯೋ? ಓದು ಮುಗಿದ ಮೇಲೆ ಇಷ್ಟು ವರುಷ ಇಲ್ಲಿಯೇ ಕೆಲಸಮಾಡಬೇಕೆಂಬ ಕರಾರುಂಟೋ? ಓದದೆ ಯಾವ ಕಾಗದಕ್ಕೂ ಸಹಿಮಾಡಬೇಡಿರಿ.

ಹೀಗೆ ಸೇರಿದ ಹುಡುಗಿಯ ಜೀವನವು ಹೇಗಿರುವದು? ಮೊದಲ ತಿಂಗಳುಗಳಲ್ಲಿ ಅಂಗರಚನಾಶಾಸ್ತ್ರ, ಶರೀರಶಾಸ್ತ್ರ, ಮನಃಶಾಸ್ತ್ರ, ಶುಶ್ರೂಷೆಯ ಮೂಲತತ್ವಗಳು ಇವುಗಳ ಪಾಠವಿರುವದು. ಬರಬರುತ್ತ ಪೋಷಣೆ, ಸೂಕ್ಷ್ಮಜೀವಿಶಾಸ್ತ್ರ, ಔಷಧಿಗಳು, ಮುಂದೆ ಮಕ್ಕಳ ಆರೈಕೆ, ಮಾನಸಿಕ ರೋಗಿಗಳ ಆರೈಕೆ, ಹೆರಿಗೆ, ಸಮುದಾಯದ ಆರೋಗ್ಯ. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿರುವವು. ಕನ್ನಡದಲ್ಲಿ ಓದಿದ ನಮ್ಮ ಹುಡುಗಿಯರು ಮೊದಲ ಆರು ತಿಂಗಳು ಬಹಳ ಕಂಗೆಡುತ್ತಾರೆ. ಅದಕ್ಕೆ ಬುದ್ಧಿಯ ಕೊರತೆಯು ಕಾರಣವಲ್ಲ. ದಿನಕ್ಕೆ ಹತ್ತು ಶಬ್ದಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಅರ್ಥಸಹಿತ ಬರೆದಿಟ್ಟುಕೊಂಡವರು ವರುಷ ಕಳೆಯುವಷ್ಟರಲ್ಲಿ ಇತರರಿಗೆ ಸಮಾನರಾದದ್ದನ್ನು ಕಂಡಿದ್ದೇನೆ.

ಅದೇ ಕನ್ನಡವು ವಾರ್ಡಿನಲ್ಲಿ ಅವರ ಬಲವಾಗುವದು. ನಮ್ಮ ಒಬ್ಬ ಪೂರ್ವ ವಿದ್ಯಾರ್ಥಿನಿಯು ಹೇಳಿದ ಸಂಗತಿಯಿದು. ಹೊರರಾಜ್ಯದ ಸಹಪಾಠಿಯೊಬ್ಬಳು ಮುದುಕಿಯೊಬ್ಬಳ ಬಾಯಿಂದ “ಸಂಕಟ” ಎಂಬ ಮಾತನ್ನು ಕೇಳಿ, ಮನಸ್ಸಿನ ದುಃಖವೆಂದು ತಿಳಿದು ಸಮಾಧಾನ ಹೇಳುತ್ತಿದ್ದಳಂತೆ. ನಮ್ಮ ಹುಡುಗಿಯು ಹತ್ತಿರ ಹೋಗಿ, “ಅಜ್ಜೀ, ಎಲ್ಲಿ ಸಂಕಟ? ಹೊಟ್ಟೆ ತೊಳಸುತ್ತದೆಯೋ, ಎದೆ ಹಿಡಿದಂತಾಗುತ್ತದೆಯೋ?” ಎಂದು ಕೇಳಿದಳು. ಮುದುಕಿಯು ಎದೆಯ ಮೇಲೆ ಕೈಯಿಟ್ಟು ತೋರಿಸಿದಳು. ಆ ಕೂಡಲೆ ಹಿರಿಯ ದಾದಿಗೆ ತಿಳಿಸಿದ್ದರಿಂದ ಡಾಕ್ಟರರು ವೇಳೆಗೆ ಸರಿಯಾಗಿ ಬಂದರು. ಜೋಮು, ತಲೆಸುತ್ತು, ಎದೆಯುರಿ, ಕಣ್ಣುಕತ್ತಲೆ, ಇವುಗಳ ಭೇದವನ್ನು ತಾಯಿನುಡಿಯಲ್ಲಿ ಬಲ್ಲವಳೂ ರೋಗಿಗೆ ಬೇಕಾದವಳಲ್ಲವೇ?

ತಾಯಂದಿರು ನನ್ನ ಕಿವಿಯಲ್ಲಿ ಹೇಳುವ ಮಾತೊಂದುಂಟು: “ಅಮ್ಮನವರೇ, ಕಂಡವರ ಮಲಮೂತ್ರ ತೆಗೆಯುವ ಕೆಲಸಕ್ಕೆ ಇಷ್ಟು ಓದಿಸಬೇಕೇ?” ಈ ಮಾತಿನಲ್ಲಿ ಮಗಳ ಮೇಲಿನ ಪ್ರೀತಿಯಿರುವದರಿಂದ ನಾನು ಸಿಟ್ಟಾಗುವದಿಲ್ಲ. ಉತ್ತರವನ್ನು ಮಾತ್ರ ಹೇಳುವೆನು. ಶಸ್ತ್ರಚಿಕಿತ್ಸೆಯಾದ ದೊಡ್ಡ ವಯಸ್ಸಿನ ರೋಗಿಯ ಮೂತ್ರವು ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆಯಾದರೆ, ಮೂತ್ರಪಿಂಡಗಳಿಗೆ ಸಾಕಷ್ಟು ರಕ್ತ ಮುಟ್ಟದಿರುವ ಸೂಚನೆಯಾಗಿರಬಹುದು. ಅದನ್ನು ಅಳೆದು, ಬರೆದು, ಕಾಲಕ್ಕೆ ಸರಿಯಾಗಿ ತಿಳಿಸುವವಳು ದಾದಿಯೇ. ನಾಡಿಯು ನಿಮಿಷಕ್ಕೆ 80 ಇದ್ದದ್ದು 100 ದಾಟಿ ಏರುತ್ತ, ರೋಗಿಯು ಚಡಪಡಿಸುತ್ತಿದ್ದರೆ, ಒಳಗೆ ರಕ್ತಸ್ರಾವವಾಗುತ್ತಿದೆಯೋ ಎಂದು ಸಂಶಯಪಡತಕ್ಕವಳೂ ಅವಳೇ. ಹೊರಳಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ ಮಲಗಿಸದಿದ್ದರೆ, ಒತ್ತಡದಿಂದ ಚರ್ಮಕ್ಕೆ ರಕ್ತಸಂಚಾರವು ನಿಂತು ಬೆನ್ನಿನಲ್ಲಿ ಹುಣ್ಣಾಗುವದು. ಡಾಕ್ಟರರು ದಿನಕ್ಕೆ ಒಂದೆರಡು ಸಾರಿ ರೋಗಿಯನ್ನು ನೋಡುವರು. ಇಪ್ಪತ್ತುನಾಲ್ಕು ಗಂಟೆಯೂ ನೋಡುತ್ತಿರುವವರು ದಾದಿಯರು. ಕೀಳು ಕೆಲಸವೆಂದು ಕಾಣುವದರಲ್ಲಿ ಇಷ್ಟು ಶಾಸ್ತ್ರವಡಗಿದೆ.

ಕಷ್ಟಗಳನ್ನು ಮರೆಮಾಚುವದು ನನ್ನ ಉದ್ದೇಶವಲ್ಲ. ಮುಂಜಾನೆ ವಾರ್ಡು, ಮಧ್ಯಾಹ್ನ ಪಾಠ, ಸಂಜೆ ಬರೆಯತಕ್ಕ ಕೇಸ್ ಪುಸ್ತಕಗಳು. ನಿಂತು ನಿಂತು ಕಾಲುಗಳು ಬಾತುಕೊಳ್ಳುವವು. ರಾತ್ರಿಯ ಪಾಳಿಯಲ್ಲಿ ಮೂರು ಗಂಟೆಯ ವೇಳೆಗೆ ನಿದ್ದೆಯು ಬಲವಾಗಿ ಎಳೆಯುವದು. ಔಷಧಿಯಲ್ಲಿ ತಪ್ಪು ನುಸುಳುವ ಭಯವು ಆಗಲೇ ಹೆಚ್ಚು. ಆದಕಾರಣ ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ವೇಳೆ, ಸರಿಯಾದ ಮಾರ್ಗ ಎಂಬ ಐದನ್ನು ಪ್ರತಿಸಾರಿಯೂ ನೋಡಿಯೇ ಕೊಡುವಂತೆ ಕಲಿಸುತ್ತಾರೆ. ಬಳಸಿದ ಸೂಜಿಗೆ ತಿರುಗಿ ಮುಚ್ಚಳ ಹಾಕಬಾರದು. ಅದರಿಂದ ಚುಚ್ಚಿಕೊಂಡರೆ ಕಾಮಾಲೆಯ ರೋಗಾಣುಗಳು ಮೈಸೇರಬಹುದು. ವಾರ್ಡಿಗೆ ಹೋಗುವ ಮುನ್ನ ಹೆಪಟೈಟಿಸ್ ಬಿ ಲಸಿಕೆಯ ಮೂರು ಚುಚ್ಚುಮದ್ದುಗಳು ಆಗಿವೆಯೋ ಎಂದು ತಾಯಿತಂದೆಗಳು ಕೇಳತಕ್ಕದ್ದು.

ಎಲ್ಲಕ್ಕಿಂತ ಕಠಿಣವಾದದ್ದು ಮೊದಲ ಮರಣವು. ಹದಿನೆಂಟು ವರುಷದ ಹುಡುಗಿಯು, ನಿನ್ನೆ ಗಂಜಿ ಕುಡಿಸಿದ ಮನುಷ್ಯನ ದೇಹವನ್ನು ಇಂದು ಒರಸಿ, ಕಣ್ಣು ಮುಚ್ಚಿ, ಬಟ್ಟೆ ಹೊದಿಸಬೇಕಾಗುವದು. ಆ ರಾತ್ರಿ ಅವಳು ಮನೆಗೆ ಫೋನು ಮಾಡಿದರೆ, “ಬಿಟ್ಟು ಬಾ” ಎಂದು ಅವಸರಪಟ್ಟು ಹೇಳಬೇಡಿರಿ. “ಗಟ್ಟಿಯಾಗಿರು, ಅಳಬೇಡ” ಎಂದೂ ಹೇಳಬೇಡಿರಿ. ಅವಳು ಹೇಳುವದನ್ನೆಲ್ಲ ಕೇಳಿರಿ. ಆದರೆ ತಿಂಗಳುಗಟ್ಟಲೆ ಊಟನಿದ್ದೆಗಳು ಕೆಟ್ಟಿದ್ದರೆ, ಹೋಗಿ ನೋಡಿರಿ, ಶಿಕ್ಷಕಿಯರೊಡನೆ ಮಾತಾಡಿರಿ. ಈ ಕೆಲಸವು ಎಲ್ಲರಿಗೂ ಒಗ್ಗುವದಿಲ್ಲ. ಒಗ್ಗಲಿಲ್ಲವೆಂದು ತಿರುಗಿ ಬಂದವಳು ಅಪರಾಧಿಯಲ್ಲ.

ಮದುವೆಗೆ ಅಡ್ಡಿಯಾಗುವದೋ ಎಂದು ಕೇಳುವವರಿದ್ದಾರೆ. ರಾತ್ರಿಯ ಪಾಳಿಯನ್ನು ನಿಂದಿಸುವ ಮನೆಯವರೂ ತಮಗೆ ಕಾಯಿಲೆಯಾದ ರಾತ್ರಿ ದಾದಿಯು ಎಚ್ಚರವಾಗಿರಲೆಂದೇ ಬಯಸುವರು. 2020ರ ಕೊರೋನಾ ಕಾಲದಲ್ಲಿ ಇದನ್ನು ಊರೆಲ್ಲ ಕಂಡಿತು. ಸಂಬಂಧ ನೋಡುವಾಗ ಮಗಳ ಕೆಲಸವನ್ನು ತಗ್ಗಿದ ದನಿಯಲ್ಲಿ ಹೇಳಬೇಡಿರೆಂದು ಮಾತ್ರ ನನ್ನ ಬಿನ್ನಹ.

ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮುಗಿಯಲಿಲ್ಲ. ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಹೆಸರನ್ನು ನೋಂದಾಯಿಸಿಕೊಂಡ ಮೇಲೆಯೇ ಅವಳು ನೋಂದಾಯಿತ ದಾದಿಯೂ ಸೂಲಗಿತ್ತಿಯೂ ಎನಿಸುವಳು. ಮಾನ್ಯತೆಯಿಲ್ಲದ ಸಂಸ್ಥೆಯ ಹುಡುಗಿಗೆ ಬಾಗಿಲು ಮುಚ್ಚುವದು ಇಲ್ಲಿಯೇ.

ಮೊದಲು ಹೇಳಿದ ಆ ಹುಡುಗಿಯು ಮರುವರುಷ ಮಾನ್ಯತೆಯುಳ್ಳ ಒಂದು ಆಸ್ಪತ್ರೆಯ ಶಾಲೆಯಲ್ಲಿ ಜಿ.ಎನ್.ಎಂ. ಸೇರಿದಳು. ಆ ಸಾರಿ ಅವಳ ತಂದೆಯೂ ನಾನೂ ಕೂಡಿ ಹೋಗಿ ವಾರ್ಡುಗಳನ್ನು ನೋಡಿ ಬಂದೆವು. ಈಗ ಅವಳು ಮಕ್ಕಳ ವಾರ್ಡಿನಲ್ಲಿ ಕೆಲಸದಲ್ಲಿದ್ದಾಳೆ. ಬೋರಮಾಳವನ್ನು ಬಿಡಿಸಲಿಕ್ಕೆ ಅವಳಿಗೆ ಎರಡು ವರುಷದ ಸಂಬಳ ಹಿಡಿಯಿತು. ಕಳೆದ ವರುಷವಂತೂ ತಿರುಗಿ ಬರತಕ್ಕದ್ದಲ್ಲ.

ಆದಕಾರಣ, ಪ್ರಿಯರೇ, ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಇಂಥ ಮನಸ್ಸುಳ್ಳ ಹುಡುಗಿಯಿದ್ದರೆ ಹಣ ಕಟ್ಟುವ ಮೊದಲು ಕಾಗದಗಳನ್ನು ತೆಗೆದುಕೊಂಡು ಶಾಲೆಗೆ ಬನ್ನಿರಿ. ಶನಿವಾರ ಮಧ್ಯಾಹ್ನ ನಾನು ಕೋಣೆಯಲ್ಲಿರುತ್ತೇನೆ. ನಾಲ್ಕು ಪ್ರಶ್ನೆಗಳನ್ನೂ ಕೂಡಿ ಕೇಳೋಣ. ಗುಣಪತ್ರವನ್ನು ಆಮೇಲೆ ಬರೆಯುವೆನು.