ವ್ಯಾಕ್ಯೂಮ್ ಹಾಕಿ ಹೆರಿಗೆ ಆಗಿದೆಯೇ? ಮಗುವಿನ ಟೋಪಿ ತೆಗೆದು ತಲೆ ನೋಡಿ

ನಾನು ಹೈದರಾಬಾದಿನಲ್ಲಿ ಹೃದಯದ ಡಾಕ್ಟರ್. ಹಸುಗೂಸಿನ ತಲೆಯ ವಿಷಯ ನನಗೇಕೆ ಅನ್ನಬೇಡಿ. ಗರ್ಭಿಣಿಗೆ ಹೃದಯದ ಕವಾಟ ಕಿರಿದಾಗಿದ್ದರೆ, "ಜಾಸ್ತಿ ಹೊತ್ತು ಮುಕ್ಕಿಸಬೇಡಿ, ವ್ಯಾಕ್ಯೂಮ್ ಹಾಕಿ ಬೇಗ ಮುಗಿಸಿ" ಎಂದು ಹೆರಿಗೆ ಡಾಕ್ಟರಿಗೆ ಹೇಳುವವರು ನಾವೇ. ತಾಯಿಗೆ ಅದು ಒಳ್ಳೆಯದೇ. ಆದರೆ ಆಮೇಲೆ ಮಗುವಿನ ಮೇಲೂ ಕಣ್ಣಿಡಬೇಕು.

ಹುಟ್ಟಿದ ಮಗುವಿನ ನೆತ್ತಿ ಊದಿರುವುದು ಸಾಮಾನ್ಯ. ಹೆಚ್ಚಿನವು ತಾವಾಗಿಯೇ ಇಳಿಯುತ್ತವೆ. ಒಂದೇ ಕಡೆ, ಒಂದೇ ಮೂಳೆಯ ಮೇಲೆ ನಿಂತ ಗಡ್ಡೆಯೂ ಕೆಲವು ವಾರಗಳಲ್ಲಿ ಕರಗುತ್ತದೆ. ಹೆದರಬೇಕಾದದ್ದು ಬೇರೆ: ನೆತ್ತಿಯ ಚರ್ಮದಡಿಯ ಪದರದಲ್ಲಿ ರಕ್ತ ಸೋರಿ ಹರಡುವುದು. ಇದಕ್ಕೆ ಸಬ್‌ಗೇಲಿಯಲ್ ರಕ್ತಸ್ರಾವ ಎನ್ನುತ್ತಾರೆ. ಅಪರೂಪ, ಆದರೆ ವ್ಯಾಕ್ಯೂಮ್ ಹೆರಿಗೆಯಲ್ಲೇ ಹೆಚ್ಚು. 1998ರಲ್ಲಿ ಅಮೆರಿಕದ ಎಫ್‌ಡಿಎ ಇದರ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತ್ತು.

3 ಕಿಲೋ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 250 ಎಂಎಲ್, ಅಂದರೆ ಒಂದು ಲೋಟ. ಹುಬ್ಬಿನಿಂದ ಕತ್ತಿನವರೆಗೆ ಹಬ್ಬಿರುವ ಆ ಪದರದಲ್ಲಿ ಅಷ್ಟೂ ರಕ್ತ ಹಿಡಿಸಬಹುದು. ತಲೆಯ ಸುತ್ತಳತೆ 1 ಸೆಂ.ಮೀ. ಹೆಚ್ಚಿದರೆ ಹೆಚ್ಚುಕಡಿಮೆ 40 ಎಂಎಲ್ ರಕ್ತ ಹೋಗಿದೆ ಎಂದು ಲೆಕ್ಕ.

ಮುಟ್ಟಿದರೆ ನೀರು ತುಂಬಿದ ಪ್ಲಾಸ್ಟಿಕ್ ಚೀಲದ ಹಾಗೆ ಮೆತ್ತಗೆ ಜರುಗುತ್ತದೆ. ಊತ ಹೊತ್ತು ಕಳೆದಂತೆ ಹಿಂದಲೆಗೆ, ಕಿವಿಯ ಹಿಂದಕ್ಕೆ ಇಳಿಯುತ್ತದೆ. ಕಿವಿ ಮುಂದಕ್ಕೆ ಬಂದಂತೆ ಕಾಣುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಹಾಲು ಕುಡಿಯದೆ ಮಂಕಾಗುತ್ತದೆ. ಎದೆಬಡಿತ ನಿಮಿಷಕ್ಕೆ 160 ದಾಟಿ ಅಲ್ಲೇ ನಿಂತರೆ ಅದು ಮೊದಲ ಗಂಟೆ ಬಾರಿಸಿದ ಹಾಗೆ. ಬಿಪಿ ಬೀಳುವುದು ಕೊನೆಗೆ, ಅದಕ್ಕಾಗಿ ಕಾಯಬಾರದು. ಕೆಲವು ಮಕ್ಕಳು ಮೊದಲ ಕೆಲವು ಗಂಟೆ ಚೆನ್ನಾಗಿಯೇ ಇದ್ದು ಆಮೇಲೆ ಕುಸಿಯುತ್ತವೆ. ಹಾಗಾಗಿ ಮೊದಲ ದಿನವೆಲ್ಲ ಮತ್ತೆ ಮತ್ತೆ ತಲೆ ಮುಟ್ಟಿ ನೋಡಿ, ಸುತ್ತಳತೆ ಅಳೆಯಲು ನರ್ಸಮ್ಮನಿಗೆ ಹೇಳಿ.

ನಮ್ಮ ಅಜ್ಜಿಯರಿಗೆ ಎಣ್ಣೆ ಹಚ್ಚಿ ತಲೆ ಗುಂಡಗೆ ನೀವುವ ಆಸೆ. ಈ ಊತವಿದ್ದಾಗ ಖಂಡಿತ ಬೇಡ, ಒತ್ತುವುದೂ ಬೇಡ. "ಸೂಜಿ ಹಾಕಿ ರಕ್ತ ತೆಗೆಯಿರಿ" ಎಂದು ಡಾಕ್ಟರಿಗೆ ಒತ್ತಾಯಿಸಲೂ ಬೇಡಿ. ಸೋಂಕು ತಗಲುತ್ತದೆ, ರಕ್ತ ಇನ್ನೂ ಸೋರುತ್ತದೆ.

ಚಿಕಿತ್ಸೆ ಎಂದರೆ ಎನ್‌ಐಸಿಯು, ಸಲೈನ್, ಬೇಗನೆ ರಕ್ತ (ಹೊಂದಿಸಿ ನೋಡಲು ಸಮಯವಿಲ್ಲದಿದ್ದರೆ ಓ ನೆಗೆಟಿವ್), ಹೆಪ್ಪುಗಟ್ಟುವಿಕೆ ಕೆಟ್ಟಿದ್ದರೆ ಪ್ಲಾಸ್ಮಾ. ಸಮಯಕ್ಕೆ ಸಿಕ್ಕಿದ ಮಕ್ಕಳು ಚೇತರಿಸಿಕೊಳ್ಳುತ್ತವೆ. ಆಮೇಲೆ ಕಾಮಾಲೆ ಕಾಣಬಹುದು, ಅದಕ್ಕೆ ನೀಲಿ ಬೆಳಕಿನ ಚಿಕಿತ್ಸೆ ಇದೆ.

ಸಣ್ಣ ನರ್ಸಿಂಗ್ ಹೋಮ್ ಆದರೆ ಅಲ್ಲೇ ಸಲೈನ್ ಶುರು ಮಾಡಿಸಿ, ಮಗುವನ್ನು ಬೆಚ್ಚಗೆ ಸುತ್ತಿ, 108ಕ್ಕೆ ಕರೆ ಮಾಡಿ. ಇಲ್ಲಿ ನಿಲೋಫರ್‌ನಂಥ ಮಕ್ಕಳ ಆಸ್ಪತ್ರೆಗೆ, ಬೀದರ್ ಕಲಬುರಗಿ ಕಡೆಯಾದರೆ ಜಿಲ್ಲಾಸ್ಪತ್ರೆಗೆ ಮೊದಲೇ ಫೋನ್ ಮಾಡಿಸಿ. ಹೆರಿಗೆಯಾದ ಸಮಯ, ವ್ಯಾಕ್ಯೂಮ್ ಎಷ್ಟು ಸಲ ಎಳೆದರು, ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದಾರೆಯೇ, ತಾಯಿಯ ರಕ್ತದ ಗುಂಪು ಯಾವುದು, ಇಷ್ಟನ್ನೂ ಚೀಟಿಯಲ್ಲಿ ಬರೆಸಿಕೊಂಡು ಹೊರಡಿ.