ಕಂಬಳಿ, ಡಮರುಗ, ಭಂಡಾರ

ಮಾಂಗಾ, ಅಂದರೆ ಜಪಾನಿ ಚಿತ್ರಕತೆ, ಬರೆಯೋರು ಮೊದಲು ಪಾತ್ರಕ್ಕೊಂದು ಮಾದರಿ ಹಾಳೆ ಮಾಡಿಕೊಳ್ತಾರೆ. ನೂರನೇ ಪುಟದಲ್ಲೂ ಅದೇ ಕೂದಲು, ಅದೇ ಕತ್ತಿ ಇರಬೇಕಲ್ಲ, ಅದಕ್ಕೆ.

ಈಗ ನಮ್ಮ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಬನ್ರಿ, ತುಂಗಭದ್ರೆ ದಂಡಿಗೆ. ಇಲ್ಲಿ ಹಾಳೆ ಇಲ್ಲ, ಮೈಲಾರ ದೇವರ ಗೊರವಯ್ಯ ಇದ್ದಾನೆ. ಕರೀ ಕಂಬಳಿ, ಕೈಯಲ್ಲಿ ಡಮರುಗ, ಹಣೆ ತುಂಬ ಭಂಡಾರ. ದೂರದಿಂದ ಬರೀ ಆಕಾರ ಕಂಡರೂ ಸಾಕು, ಮೈಲಾರಪ್ಪನ ಒಕ್ಕಲು ಅಂತ ಸಣ್ಣ ಹುಡುಗರೂ ಹೇಳ್ತಾರೆ.

ಈ ಮೈಲಾರಪ್ಪನ ಇನ್ನೊಂದು ಹೆಸರು ಇನ್ನೂ ಚೆಂದ. ಪುರಾಣದಲ್ಲಿ ಮಣಿ, ಮಲ್ಲ ಅಂತ ಇಬ್ಬರು ಅಸುರರು. ಮಲ್ಲನಿಗೆ ಅರಿ, ಅಂದರೆ ವೈರಿ, ಆದವನು ಮಲ್ಲಾರಿ. ಒಂದೇ ಪದದೊಳಗೆ ಇಡೀ ಯುದ್ಧ! ಮಹಾರಾಷ್ಟ್ರದಲ್ಲಿ ಅವನೇ ಖಂಡೋಬಾ, ತೆಲಂಗಾಣದಲ್ಲಿ ಮಲ್ಲನ್ನ. ಎಲ್ಲಿ ಹೋದರೂ ಅರಿಶಿನದ ಭಂಡಾರ ಮಾತ್ರ ಬಿಟ್ಟಿಲ್ಲ. ಖಂಡೋಬಾನ ಜೇಜುರಿಯಲ್ಲಿ ಮರಾಠಿ ಭಕ್ತರು ‘ಯೆಳಕೋಟ್’ ಅಂತ ಕೂಗೋದು ಕೇಳಿದಾಗ ನನಗೆ ಮೈ ಜುಮ್ಮೆನ್ನುತ್ತೆ. ಅದು ನಮ್ಮ ಮೈಲಾರದ ‘ಏಳು ಕೋಟಿ’ ಕೂಗೇ!

ಚಿತ್ರಕತೆ ಬರೆಯೋ ಗೆಳೆಯರೇ, ಮೈಲಾರದ ಭರತ ಹುಣ್ಣಿಮೆ ಜಾತ್ರೆಯ ಕಾರಣಿಕಕ್ಕೆ, ಅಂದರೆ ದೈವವಾಣಿ ಕೇಳೋಕೆ, ಒಮ್ಮೆ ಬನ್ರಿ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲು ಏರಿ ‘ಸದ್ದಲೇ’, ಅಂದರೆ ಸುಮ್ಮನಿರಿ, ಅಂತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡೀತಾರೆ. ಆ ಒಂದು ಚೌಕಟ್ಟು ಬರೀರಿ.